ಮೇದಾರ ಕೇರಿ ಎಲ್ಲೈತ್ರಿ?

"ಮೇದಾರ ಕೇರಿ ಎಲ್ಲಿ ಬರುತ್ತಮ್ಮಾ?"

ಜೀಪಿನಿಂದ ತಲೆ ಹೊರಹಾಕಿ ಕೇಳಿದ ಪುರಸಭೆಯ ಅಧಿಕಾರಿ ಶ್ರೀನಾಥ ಶಿಕಾರಿಪುರಕ್ಕೆ ವರ್ಗವಾಗಿ ಬಂದು ಹನ್ನೊಂದು ದಿನವಾಗಿತ್ತು. ಜೀಪಿನ ಹಿಂದೆ ಒಂದು ಖಾಲಿ ಟ್ರಾಕ್ಟರ್. ಎದುರಿಗೆ ಬಂಗಾರಮ್ಮ ರಸ್ತೆಯಲ್ಲೇ ತಗಡಿನ ತುಂಡೊಂದನ್ನು ಹಾಸಿ ಕೂತು, ಇಪ್ಪತ್ತಡಿ ಬಿದಿರ ಗಳವನ್ನು ಸೀಳುತ್ತಿದ್ದಳು.

ಟ್ರಾಕ್ಟರ್ ಯಾತಕ್ಕೆ ಬಂದಿದೆಯೆಂದು ಅವಳಿಗೆ ಗೊತ್ತಿತ್ತು. ರಸ್ತೆಯಲ್ಲಿ ಹರಡಿದ ಬಿದಿರನ್ನೆಲ್ಲ ಹೇರಿಕೊಂಡು ಹೋಗುತ್ತಾರೆ. ಇನ್ನು ಮೇಲೆ ಬುಟ್ಟಿ ಮೊರ ಏನಿದ್ದರೂ ಮನೆಯೊಳಗೆ ಕೂತೇ ಹೆಣೆಯಬೇಕಂತೆ. ಅವಳ ಮನೆ ಇರುವುದು ಹತ್ತಡಿ. ಹತ್ತಡಿ ಮನೆಯೊಳಗೆ ಇಪ್ಪತ್ತಡಿ ಗಳವನ್ನು ಸೀಳುವುದು ಹೇಗೆಂದು, ರಸ್ತೆ ತೆರವು ಮಾಡಿಸಿ ಎಂದು ಪುರಸಭೆಗೆ ಅರ್ಜಿ ಕೊಟ್ಟ ಪುಣ್ಯಾತ್ಮ ಬರೆದಿರಲಿಲ್ಲ.

"ಯಾವ ಕೇರಿ ಅಂದ್ರಿ?"

"ಮೇದಾರ ಕೇರಿ."

"ಹಂಗಂತ ಇಲ್ಲಿ ಯಾವ್ದೂ ಇಲ್ರಿ ಸಾಹೇಬ್ರೆ. ಅಲ್ಲಿ ಮ್ಯಾಲೆ ಏನೋ ಬರ್ದೈತಿ ನೋಡ್ರಿ. ನಂಗೆ ಓದಾಕೆ ಬರಲ್ಲ, ನೀವೇ ಓದಿ ಹೇಳ್ರಿ."

ಶ್ರೀನಾಥ ಕತ್ತೆತ್ತಿದ. ರಸ್ತೆಯ ಬಾಯಿಗೆ ಹೊಸ ಕಮಾನು. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. "ನಂದನ ಎನ್‌ಕ್ಲೇವ್," ಎಂದು ಓದಿದ.

"ಹಾಂ, ಅದೇ ನೋಡ್ರಿ."

"ಮತ್ತೆ ಇಷ್ಟೊಂದು ಬಿದಿರು ಇದೆಯಲ್ಲಮ್ಮಾ ಇಲ್ಲಿ?"

"ಬಿದಿರು ಇದ್ದಲ್ಲೆಲ್ಲ ನಮ್ಮ ಕೇರಿ ಆಗಂಗಿದ್ರೆ ಇಡೀ ಕಾಡೇ ನಮ್ದಾಗಬೇಕಿತ್ತಲ್ರಿ!"

ಶ್ರೀನಾಥ ಹಿಂದಕ್ಕೆ ತಿರುಗಿದ. "ಚಿಕ್ಕಬೀರಪ್ಪ, ನೀನು ಇಲ್ಲಿಯವನಲ್ವೇನಯ್ಯಾ? ನಿನಗೆ ಗೊತ್ತಿರಬೇಕಲ್ಲ?"

ಟ್ರಾಕ್ಟರ್ ಓಡಿಸುವ ಚಿಕ್ಕಬೀರಪ್ಪನ ಮೂವರು ಮಕ್ಕಳೂ ಬಂಗಾರಮ್ಮ ಹೆಣೆದ ತೊಟ್ಟಿಲಲ್ಲಿ ಮಲಗಿಯೇ ದೊಡ್ಡವರಾದವರು. ಅವನು ಗಂಭೀರವಾಗಿ ತಲೆ ಕೆರೆದುಕೊಂಡ. "ನಾನು ತಾಳಗುಂದದ ಕಡೆಯೋನು ಸಾರ್. ಹಳೇ ಶಾಸನ ಎಲ್ಲೈತಿ ಅಂತ ಕೇಳ್ರಿ, ಕಣ್ಮುಚ್ಕೊಂಡು ಕರ್ಕೊಂಡು ಹೋಗ್ತೀನಿ. ಈ ಕೇರಿ ಹೆಸ್ರು ಇವತ್ತೇ ಕೇಳಿದ್ದು."

ಹಿಂದಿನ ಊರಿನಲ್ಲಿ ಒಂದು ರಸ್ತೆಯ ಗೂಡಂಗಡಿಗಳ ಬದಲು ಪಕ್ಕದ ರಸ್ತೆಯವನ್ನು ಎತ್ತಿಸಿದ್ದಕ್ಕೇ ಶ್ರೀನಾಥನಿಗೆ ವರ್ಗವಾಗಿತ್ತು. ಮತ್ತೊಮ್ಮೆ ಆ ತಪ್ಪು ಮಾಡುವ ಮನಸ್ಸಿರಲಿಲ್ಲ. ಅರ್ಜಿಯ ಕೆಳಗಿದ್ದ ನಂಬರಿಗೆ ಫೋನ್ ಹಚ್ಚಿದ. ಅದು ರಿಂಗಾದದ್ದು ಐವತ್ತೇ ಅಡಿ ಆಚೆ, ಹೊಸದಾಗಿ ಮಟ್ಟ ಮಾಡಿದ ಸೈಟಿನಲ್ಲಿ.

ಅಲ್ಲಿ ಶಿವಮೊಗ್ಗದ ಗಂಡ ಹೆಂಡತಿಗೆ ಸೈಟು ತೋರಿಸುತ್ತ ನಿಂತಿದ್ದವನು ಗುರುಪ್ರಕಾಶ್. ಕೇರಿಯ ಹದಿನೇಳು ಮನೆಗಳಲ್ಲಿ ಹನ್ನೊಂದನ್ನು ಎರಡೇ ವರ್ಷದಲ್ಲಿ ಕೊಂಡು, ಹೆಂಚು ಇಳಿಸಿ, ಗೋಡೆ ಕೆಡವಿ ಸೈಟು ಮಾಡಿದವನು ಅವನೇ. ಹೋದ ತಿಂಗಳು ಅರ್ಜಿ ಬರೆದವನೂ, ಹೋದ ವಾರ ಹಳೇ ಬೋರ್ಡು ಕಿತ್ತೆಸೆದು ಕಮಾನು ನಿಲ್ಲಿಸಿದವನೂ ಅವನೇ. ಜೀಪು ಕಂಡಿದ್ದೇ ಕೈಮುಗಿಯುತ್ತ ಓಡಿ ಬಂದ. ಗಂಡ ಹೆಂಡತಿ ಹಿಂದೆಯೇ ಬಂದರು.

"ಅರ್ಜಿ ನಿಮ್ಮದೇ ತಾನೆ? ಮೇದಾರ ಕೇರಿ ರಸ್ತೆ ಅಂತ ಬರೆದಿದೀರಿ. ಇದೇ ತಾನೆ ಮೇದಾರ ಕೇರಿ?"

ಹೆಂಡತಿ ನಿಂತಲ್ಲೇ ನಿಂತಳು. "ಯಾವ ಕೇರಿ?"

ಗುರುಪ್ರಕಾಶ್ ಗಂಡ ಹೆಂಡತಿಗೂ ಜೀಪಿಗೂ ನಡುವೆ ಬಂದು ನಿಂತ.

"ಹೇಳ್ರಿ ಯಜಮಾನ್ರೆ, ನಾಚ್ಕೋಬ್ಯಾಡ್ರಿ," ಎಂದಳು ಬಂಗಾರಮ್ಮ. "ನೀವು ಹೇಳಿದ್ದೇ ಖರೆ. ಹೌದು, ಇದೇ ಮೇದಾರ ಕೇರಿ ಅಂತ ಒಂದು ಮಾತು ಅಂದ್ಬಿಡ್ರಿ, ಬಿದಿರನ್ನೆಲ್ಲ ನಾನೇ ಎತ್ತಿ ಟ್ರಾಕ್ಟರಿಗೆ ಹಾಕ್ತೀನಿ."

ಗುರುಪ್ರಕಾಶ್ ಬಿದಿರು ನೋಡಿದ. ಶಿವಮೊಗ್ಗದ ಹೆಂಗಸಿನ ಮುಖ ನೋಡಿದ. ಕಮಾನು ನೋಡಿದ.

"ಅಲ್ಲ ಸಾರ್. ಇಲ್ಲಿ ಅಂಥ ಕೇರಿ ಯಾವುದೂ ಇಲ್ಲ. ಇದು ಮೊದಲಿಂದಲೂ ನಂದನ."

"ಮತ್ತೆ ಈ ಬಿದಿರು?" ಎಂದಳು ಹೆಂಡತಿ.

"ಅದು... ಇಕೋ ಫ್ರೆಂಡ್ಲಿ ಮೇಡಂ. ಲೇಔಟಿಗೆ ಅಂತಲೇ ಇಟ್ಟಿರೋದು."

"ನನ್ನೂ ಲೇಔಟಿಗೆ ಅಂತಲೇ ಇಟ್ಟಿರೋದಾ ಯಜಮಾನ್ರೆ?" ಬಂಗಾರಮ್ಮ ಕೇಳಿದಳು. ಗುರುಪ್ರಕಾಶ್ ನಗುವ ಪ್ರಯತ್ನ ಮಾಡಿದ.

ಶ್ರೀನಾಥ ಅರ್ಜಿಯ ಬೆನ್ನಿಗೆ "ಸದರಿ ಸ್ಥಳ ಪತ್ತೆಯಾಗಿರುವುದಿಲ್ಲ" ಎಂದು ಬರೆದು, ಅದರ ಕೆಳಗೆ ಗುರುಪ್ರಕಾಶನದೇ ಸಹಿ ಹಾಕಿಸಿಕೊಂಡ. ಜೀಪು ತಿರುಗಿ ಹೋಯಿತು. ಗುರುಪ್ರಕಾಶ್ ಗಿರಾಕಿಗಳನ್ನು ಮತ್ತೆ ಸೈಟಿನ ಕಡೆ ಹೊರಡಿಸಿಕೊಂಡು ಹೋದ. ಟ್ರಾಕ್ಟರ್ ಮಾತ್ರ ಬಂಗಾರಮ್ಮನ ಮುಂದೆ ಒಂದು ಗಳಿಗೆ ನಿಂತಿತು.

"ಬಂಗಾರವ್ವಾ," ಚಿಕ್ಕಬೀರಪ್ಪ ಬಗ್ಗಿ ಕೇಳಿದ. "ಮಗಳು ಈಗ ಏಳು ತಿಂಗಳ ಬಸುರಿ. ತೊಟ್ಟಿಲು ಒಯ್ಯಾಕೆ ಯಾವ ಅಡ್ರೆಸ್ಸಿಗೆ ಬರ್ಲಿ?"

ಬಂಗಾರಮ್ಮ ಸೆರಗಿನ ಬಿದಿರ ಪುಡಿ ಕೊಡವಿ ಎದ್ದಳು. ಇಷ್ಟು ಹೊತ್ತೂ ಕೂತಿದ್ದ ತಗಡನ್ನು ಮಗುಚಿ, ಸೆರಗಿನ ತುದಿಯಿಂದ ಒರೆಸಿದಳು. ಹಳದಿ ಬಣ್ಣ, ಮೊಳೆ ಕಿತ್ತ ಎರಡು ತೂತು. ಓದಲು ಬಾರದ ಬಂಗಾರಮ್ಮ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು: "ಮೇ... ದಾ... ರ... ಕೇ... ರಿ."

ಮತ್ತೆ ಅದನ್ನು ಬೋರಲು ಹಾಕಿ, ಮೇಲೆ ಕೂತು, ಕತ್ತಿ ಎತ್ತಿಕೊಂಡಳು.