ಒಣಗಿದ ಕೈ

ರಾಮನಗರದಲ್ಲಿ ಬಸ್ಸಿಳಿದಾಗ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕೈ ಒರೆಸಿಕೊಳ್ಳಲು ತಾನಾಗಿ ಸೆರಗಿಗೆ ಹೋಗುತ್ತದೆ.

ಕುದೂರಿನಿಂದ ಬಂದು ಇಲ್ಲಿನ ಶಾಲೆ ಸೇರಿದ ವರ್ಷ ಅದು. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಬೇಕೆಂದು ನನಗೆ ಹಟ. ದಿನಾ ಬೆಳಿಗ್ಗೆ ನೂಲು ತೆಗೆಯುವ ಶೆಡ್ಡಿನಲ್ಲಿ ಅವ್ವನ ಜೊತೆ ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕುತ್ತಿದ್ದೆ. ಆಯ್ಕೆಯ ದಿನ ಮಾತ್ರ ಅವ್ವ ಬಿಡಲಿಲ್ಲ.

"ಇವತ್ತು ನೀರಿಗೆ ಕೈ ಇಕ್ಬ್ಯಾಡ. ನೆಂದ ಕೈಲಿ ಚೆಂಡು ನಿಲ್ಲಾಕಿಲ್ಲ. ನಿನ್ ಪಾಲ್ದೂ ನಾನೇ ಮಾಡ್ತೀನಿ."

ಮಧ್ಯಾಹ್ನ ಒಂದು ಚೆಂಡೂ ಕೈಜಾರಲಿಲ್ಲ. ಆದರೂ ಡ್ರಿಲ್ ಮೇಷ್ಟ್ರು ಹಳಬಳಾದ ನಸ್ರೀನಳನ್ನೇ ಉಳಿಸಿಕೊಂಡರು. "ನೀನು ಹೊಸಬಳು ಕಣಮ್ಮ, ಮುಂದಿನ್ ವರ್ಷ ನೋಡೋಣ."

ಶೆಡ್ಡಿಗೆ ಹೋದಾಗ ಅವ್ವ ತಲೆಯೆತ್ತದೆ ಕೇಳಿದಳು, "ತಗೊಂಡ್ರಾ?"

"ಇಲ್ಲ."

ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟಳು. ಬೆಳಗಿನಿಂದ ಒಣಗಿದ್ದ ಕೈಯನ್ನು ನೀರಿಗೆ ಇಳಿಸಿದವಳು ಚುರ್ರೆಂದದ್ದೇ ಹಿಂದಕ್ಕೆಳೆದುಕೊಂಡೆ.

"ಅವ್ವಾ, ಇವತ್ತು ನೀರು ಬಲೇ ಸುಡ್ತೈತೆ."

"ದಿನಾ ಇಷ್ಟೇ ಕಣವ್ವಾ," ಅಂದಳು.