ಒರಳಿನ ಲಂಗರು

ತಾನೇ ಈಜಿಕೊಂಡು ಕಡಲಡಿಯ ಬಾಂಬು ಹುಡುಕುವ ನೌಕಾಪಡೆಯ ಹೊಸ ಯಂತ್ರಕ್ಕೆ ತಳದಲ್ಲಿ ದುಂಡಗಿನದೇನೋ ಕಂಡಿತ್ತು. ನಾಲ್ಕು ದಿನ ಯಾರೂ ಮೀನಿಗೆ ಹೋಗುವಂತಿರಲಿಲ್ಲ. ಐದನೆಯ ದಿನ ಅಧಿಕಾರಿ ನಗುತ್ತಲೇ ದಡಕ್ಕೆ ಬಂದರು.

"ಬಾಂಬೂ ಇಲ್ಲ, ಏನೂ ಇಲ್ಲ. ಒರಳುಕಲ್ಲು! ಫೋಟೋ ನೋಡಿ."

"ಕಡ್ಲಲ್ಲಿ ಮಸಾಲೆ ರುಬ್ಬೂಕೆ ಹೋದವ್ರು ಯಾರು ಮಾರಾಯ್ರೆ?" ಎಂದು ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು.

ಹೊನ್ನಮ್ಮ ಮಾತ್ರ ಫೋಟೋದತ್ತ ಬಾಗಿದಳು. ಅಂಚು ಒಡೆದ ಆ ಒರಳನ್ನು ಮೂರು ವರ್ಷದ ಹಿಂದೆ ದೋಣಿಗೆ ಲಂಗರಾಗಲೆಂದು ಗಂಡನಿಗೆ ಕೊಟ್ಟವಳು ಅವಳೇ. ಅದೇ ವಾರ ಬಿರುಗಾಳಿಗೆ ಸಿಕ್ಕ ದೋಣಿ ವಾಪಸು ಬರಲಿಲ್ಲ. ಲಂಗರಿನ ಹಗ್ಗ ಹರಿದು ದೋಣಿ ಯಾವುದೋ ದೂರದ ದಡ ಸೇರಿರಬೇಕು, ಇವತ್ತಲ್ಲ ನಾಳೆ ಬಂದಾರು ಎಂದುಕೊಂಡು ಅವಳಿನ್ನೂ ಕುಂಕುಮ ಇಡುತ್ತಿದ್ದಳು.

"ಸಾಯೇಬ್ರೆ, ಅದ್ಕೆ ಕಟ್ಟಿದ ಹಗ್ಗ ಹರಿದು ಹೋಗಿದ್ಯಾ?"

"ಇಲ್ಲಮ್ಮ, ಗಟ್ಟಿಯಾಗೇ ಇದೆ." ಅಧಿಕಾರಿ ಮುಂದಿನ ಫೋಟೋ ತೋರಿಸಿದರು. "ನೋಡಿ, ಆ ತುದೀಲಿ ದೋಣೀನೂ ತಳದಲ್ಲೇ ಇದೆ."