ಎರಡೇ ಟಿಕೆಟ್

ಮದುವೆಯಾಗಿ ಹನ್ನೊಂದು ವರ್ಷವಾದರೂ ಭಾರ್ಗವಿ ಗಂಡನ ಜೊತೆ ತಾನೊಬ್ಬಳೇ ಎಲ್ಲಿಗೂ ಹೋದವಳಲ್ಲ. ಹೊರಟಲ್ಲೆಲ್ಲ ಅತ್ತೆಯೂ ಹೊರಡುತ್ತಿದ್ದರು. ಈ ಸಲ ಗಂಡ ವಿದೇಶದ ಒಂದು ಸ್ಕೀ ರೆಸಾರ್ಟ್ ಹುಡುಕಿದ್ದ.

"ಹಿಮದ ಬೆಟ್ಟದಲ್ಲಿ ಜಾರೋದು. ಬೆಟ್ಟದ ಬುಡದಲ್ಲೇ ಸಮುದ್ರ," ಎಂದ.

"ಸಮುದ್ರವೂ ಇದೆಯೇನೋ?" ಅತ್ತೆಯ ಕಣ್ಣರಳಿತು. ಈ ಸಲವೂ ಅತ್ತೆ ಹೊರಟರೆಂದು ಭಾರ್ಗವಿಗೆ ಖಾತ್ರಿಯಾಯಿತು.

ಅಂದಿನಿಂದ ದಿನಾ ಕಾಫಿಯ ಹೊತ್ತಿಗೆ ಅವಳು ಚಳಿಯ ಪುರಾಣ ಬಿಚ್ಚತೊಡಗಿದಳು.

"ಅಲ್ಲಿ ಕಿವಿ ಮುಟ್ಟಿದರೆ ಕೈಗೇ ಬರುತ್ತಂತೆ ಅತ್ತೆ! ಜಾರಿ ಬಿದ್ದವರ ಸೊಂಟ ಮತ್ತೆ ಕೂಡೋದೇ ಇಲ್ಲವಂತೆ. ನನಗಂತೂ ನೆನೆಸಿಕೊಂಡರೇ ನಡುಕ."

ಅತ್ತೆ "ಶಿವಶಿವಾ" ಎನ್ನುತ್ತ ಸೆರಗು ಹೊದ್ದುಕೊಳ್ಳುತ್ತಿದ್ದರು. ಭಾರ್ಗವಿ ಒಳಗೊಳಗೇ ಹಿಗ್ಗುತ್ತಿದ್ದಳು.

ಹದಿನೈದನೆಯ ದಿನ ಗಂಡ ಬಾಗಿಲಲ್ಲೇ ಹೇಳಿದ, "ಎರಡೇ ಟಿಕೆಟ್ ಮಾಡಿಸಿದೆ ಕಣೇ."

ಭಾರ್ಗವಿ ಒಳಗೋಡಿ, ಗುಟ್ಟಾಗಿ ಕೊಂಡಿಟ್ಟಿದ್ದ ಉಣ್ಣೆಯ ಟೋಪಿ ತಂದು ತೋರಿಸಿದಳು.

"ಆಹಾ, ಅಮ್ಮನಿಗೆ ಸರಿಯಾಗುತ್ತೆ!" ಗಂಡ ಅದನ್ನು ಇಸಿದುಕೊಂಡ. "ನೀನು ಅಷ್ಟೊಂದು ಹೆದರ್ತಿದ್ದೀಯಲ್ಲ, ಪಾಪ, ನಿನ್ನನ್ನ ಬಲವಂತ ಮಾಡೋದು ಬೇಡ ಅಂತ ಅಮ್ಮನೇ ಹೇಳಿದ್ದು."